ಹರಿಹರದ ತರಗತಿಯ ಒಂದು ಪ್ರಶ್ನೆ

1984ರ ಸುಮಾರಿನ ಮಾತು. ಹರಿಹರದಲ್ಲಿ ಎಂಟನೆಯ ತರಗತಿಗೆ ಸೌರವ್ಯೂಹದ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು, "ಸಾರ್, ನಕ್ಷತ್ರಗಳೂ ಸೂರ್ಯನ ಹಾಗೇ ಅಂದ್ರಿ. ಹಾಗಾದ್ರೆ ಅವಕ್ಕೂ ಗ್ರಹಗಳು ಇರಬೇಕಲ್ವಾ?" ಎಂದಳು. "ಅದು ಪಠ್ಯದಲ್ಲಿಲ್ಲ, ಕೂತ್ಕೋ" ಎಂದುಬಿಟ್ಟೆ. ತರಗತಿ ನಕ್ಕಿತು. ನನಗೆ ಉತ್ತರ ತಿಳಿದಿರಲಿಲ್ಲ ಎಂಬುದೇ ನಿಜ. ಆಕೆ ಮತ್ತೆ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿದ ನೆನಪಿಲ್ಲ.

ಅದೇ ಪ್ರಶ್ನೆಯನ್ನು ನಮ್ಮ ದಕ್ಷಿಣ ದೇಶದಲ್ಲಿಯೇ ಒಬ್ಬರು ಬಹು ಹಿಂದೆ ಎತ್ತಿಕೊಂಡಿದ್ದರೆಂದು ನಿವೃತ್ತಿಯ ನಂತರ ಓದಿ ತಿಳಿದೆ. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ವೀಕ್ಷಣಾಲಯದ ನಿರ್ದೇಶಕರಾಗಿದ್ದ ಕ್ಯಾಪ್ಟನ್ ಡಬ್ಲ್ಯು. ಎಸ್. ಜೇಕಬ್ ಉರಗಧರ ಪುಂಜದ 70ನೆಯ ಸಂಖ್ಯೆಯ ನಕ್ಷತ್ರವನ್ನು ವರ್ಷಗಟ್ಟಲೆ ಅಳೆದರು. ಅದು ಒಂಟಿ ನಕ್ಷತ್ರವಲ್ಲ. ಪರಸ್ಪರ ಸುತ್ತುವ ಜೋಡಿ. ಆ ಸುತ್ತಾಟ ಲೆಕ್ಕಕ್ಕೆ ಸರಿಹೊಂದಲಿಲ್ಲ. ಕಾಣದ ಗ್ರಹವೊಂದು ಎಳೆಯುತ್ತಿರುವ ಸಂಭವ ಹೆಚ್ಚು ಎಂದು ಅವರು 1855ರಲ್ಲಿ ಬರೆದರು. 1890ರ ದಶಕದಲ್ಲಿ ಅಮೆರಿಕದ ಟಿ. ಜೆ. ಜೆ. ಸೀ ಇದೇ ವಾದವನ್ನು ಮತ್ತೆ ಎತ್ತಿದರು. ಅವರು ಹೇಳಿದಂಥ ಕಕ್ಷೆ ಬಹುಕಾಲ ಬಾಳಲಾರದೆಂದು 1899ರಲ್ಲಿ ಫಾರೆಸ್ಟ್ ಮೌಲ್ಟನ್ ಗಣಿತದಿಂದ ತೋರಿಸಿದರು. ಆ ಗ್ರಹ ಇರಲೇ ಇಲ್ಲ. ಜೇಕಬ್ ಅದನ್ನು ಕೇಳಲು ಬದುಕಿರಲಿಲ್ಲ. ಪುಣೆಯಲ್ಲಿ ಹೊಸ ವೀಕ್ಷಣಾಲಯ ಕಟ್ಟಲೆಂದು ಮರಳಿ ಬಂದವರು 1862ರಲ್ಲಿ ಅಲ್ಲಿಯೇ ತೀರಿಕೊಂಡರು.

ಫಲಿತಾಂಶ ತಪ್ಪಾದರೂ ಅವರ ತರ್ಕ ತಪ್ಪಾಗಿರಲಿಲ್ಲ. ಮಗುವಿನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸುವ ತಂದೆ ತಾನೂ ತುಸು ವಾಲುತ್ತಾನಷ್ಟೆ? ದೂರದಿಂದ ಮಗು ಕಾಣದಿದ್ದರೂ ತಂದೆಯ ವಾಲಾಟ ಕಂಡೀತು. ಗ್ರಹ ಸುತ್ತುವಾಗ ನಕ್ಷತ್ರವೂ ಹೀಗೆಯೇ ಓಲಾಡುತ್ತದೆ. ಅಳೆಯುವುದು ಹೇಗೆ? ಹರಿಹರದಲ್ಲಿ ನಿಲ್ಲದೆ ಹೋಗುವ ರೈಲಿನ ಶಿಳ್ಳೆಯನ್ನು ನೀವೆಲ್ಲ ಕೇಳಿದ್ದೀರಿ. ಹತ್ತಿರ ಬರುವಾಗ ದನಿ ಏರಿರುತ್ತದೆ, ದಾಟಿದೊಡನೆ ಇಳಿಯುತ್ತದೆ. ಬೆಳಕಿಗೂ ಇದು ಅನ್ವಯಿಸುತ್ತದೆ: ನಕ್ಷತ್ರ ನಮ್ಮತ್ತ ಬರುವಾಗ ಅದರ ರೋಹಿತದ ಗೆರೆಗಳು ನೀಲಿಯ ಕಡೆಗೂ, ದೂರ ಸರಿಯುವಾಗ ಕೆಂಪಿನ ಕಡೆಗೂ ಜರುಗುತ್ತವೆ. 1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋ, 51 ಪೆಗಾಸಿ ಎಂಬ ನಕ್ಷತ್ರ ಸೆಕೆಂಡಿಗೆ ಸುಮಾರು 56 ಮೀಟರ್ ವೇಗದಲ್ಲಿ ಹಿಂದೆಮುಂದೆ ಓಲಾಡುವುದನ್ನು ಕಂಡರು. ಅದರ ಗ್ರಹಕ್ಕೆ ಒಂದು ಸುತ್ತಿಗೆ ಬರೀ 4.2 ದಿನ! 2019ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು.

ಮತ್ತೊಂದು ಮಾರ್ಗವನ್ನು ನನ್ನ ದಾವಣಗೆರೆಯ ವಿದ್ಯಾರ್ಥಿಗಳು ತಿಳಿಯದೆಯೇ ಕಂಡಿದ್ದಾರೆ. 2004ರ ಜೂನ್ 8ರಂದು ಶುಕ್ರ ಸಂಕ್ರಮಣ. ಬೈನಾಕ್ಯುಲರಿನಿಂದ ಸೂರ್ಯನ ಬಿಂಬವನ್ನು ಬಿಳಿಯ ಡ್ರಾಯಿಂಗ್ ಹಾಳೆಯ ಮೇಲೆ ಬೀಳಿಸಿದೆವು. ಮೋಡ ಸರಿದಾಗಲೆಲ್ಲ ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆ. ಅಂದು ಶುಕ್ರ ತಡೆದದ್ದು ಸೂರ್ಯನ ಬೆಳಕಿನ ಸಾವಿರದಲ್ಲಿ ಒಂದು ಪಾಲನ್ನು ಮಾತ್ರ. ದೂರದ ನಕ್ಷತ್ರದಲ್ಲಿ ಚುಕ್ಕೆ ಕಾಣುವುದಿಲ್ಲ, ಬೆಳಕು ಕುಂದುವುದಷ್ಟೇ ತಿಳಿಯುತ್ತದೆ. ಲೆಕ್ಕವಿಟ್ಟಂತೆ ಮತ್ತೆ ಮತ್ತೆ ಕುಂದಿದರೆ, ಅಲ್ಲೊಂದು ಗ್ರಹವಿದೆ. ಎಷ್ಟು ಕುಂದಿತೆಂಬುದರಿಂದ ಗ್ರಹದ ಗಾತ್ರವೂ ಸಿಗುತ್ತದೆ.

ಮದರಾಸಿನ ಆ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕನಾಲಿಗೆ ಹೋಯಿತು. ಆ ವಂಶದ ಕುಡಿಯೇ ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, ಅದರ 2 ಮೀಟರ್ ದೂರದರ್ಶಕವಿದೆ. ಅದನ್ನು ನಡೆಸುವವರು ಕುಳಿತಿರುವುದು ನಮ್ಮ ಹೊಸಕೋಟೆಯಲ್ಲಿ, ಉಪಗ್ರಹ ಸಂಪರ್ಕದ ಮೂಲಕ! 2016ರಲ್ಲಿ ಟ್ರಾಪಿಸ್ಟ್-1 ಎಂಬ ಪುಟ್ಟ ಕೆಂಪು ನಕ್ಷತ್ರದ ಮೂರು ಗ್ರಹಗಳು ಪ್ರಕಟವಾದಾಗ ಅದರ ಹಿಂದಿದ್ದ ವೀಕ್ಷಣೆಗಳಲ್ಲಿ ಈ ದೂರದರ್ಶಕದ ಪಾಲೂ ಇತ್ತು. ಮರುವರ್ಷ ಅಲ್ಲಿ ಏಳು ಗ್ರಹಗಳಿವೆಯೆಂದು ತಿಳಿಯಿತು. 2025ರ ಹೊತ್ತಿಗೆ ಹೀಗೆ ಖಚಿತವಾದ ಗ್ರಹಗಳ ಎಣಿಕೆ 6000 ದಾಟಿತು.

ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೋ. ಅಮ್ಮಾ, ಇದು ನಿನ್ನ ಕಣ್ಣಿಗೆ ಬಿದ್ದರೆ, ನಿನ್ನ ಊಹೆ ಸರಿಯಾಗಿತ್ತು, ನಾನು ಕೂರಿಸಬಾರದಿತ್ತು. ಟ್ರಾಪಿಸ್ಟ್ ಬರಿಗಣ್ಣಿಗೆ ಕಾಣದು. ಆದರೆ ಜೇಕಬ್ಬರ ಆ ಜೋಡಿ, ಭಾದ್ರಪದದ ಸಂಜೆ ಮೋಡವಿಲ್ಲದಿದ್ದರೆ, ಊರ ದೀಪಗಳಿಂದ ದೂರ ಹೊಲದಲ್ಲಿ ನಿಂತವರಿಗೆ ಒಂದೇ ಮಸುಕು ಚುಕ್ಕೆಯಾಗಿ ಕಾಣುತ್ತದೆ.