ಮಕ್ಕಳ ಪ್ರತಿಜ್ಞೆ ಮತ್ತು ಸಂಜೆಯ ಹೊತ್ತು: ‘ಬ್ಯಾಂಡ್ ಆಫ್ ಹೋಪ್’ ಸಂಸ್ಥೆಯ ಇತಿಹಾಸವನ್ನು ಕುರಿತು

ದುಶ್ಚಟಕ್ಕೆ ಸಿಕ್ಕಿದವರನ್ನು ಅದರಿಂದ ಬಿಡಿಸುವ ಪ್ರಯತ್ನಗಳು ಎಲ್ಲ ದೇಶಗಳಲ್ಲಿಯೂ ಬಹುಕಾಲದಿಂದ ನಡೆದುಬಂದಿವೆ. ಚಟವೆಂದರೇನೆಂಬುದನ್ನೇ ಇನ್ನೂ ಅರಿಯದ ಬಾಲಕ ಬಾಲಿಕೆಯರನ್ನು ಮುಂಚಿತವಾಗಿಯೇ ಕಾಪಾಡಬೇಕೆಂದು ಸಂಕಲ್ಪಿಸಿ, ಅದೊಂದೇ ಉದ್ದೇಶಕ್ಕಾಗಿ ಸಂಘವನ್ನು ಕಟ್ಟಿ, ಊರೂರುಗಳಲ್ಲಿ ಅದರ ಶಾಖೆಗಳನ್ನು ತೆರೆದ ಉದ್ಯಮ ಮಾತ್ರ ಅಷ್ಟು ಹಳೆಯದಲ್ಲ. ಅದರ ಪ್ರಥಮ ವ್ಯಾಪಕ ರೂಪವನ್ನು ನಾವು ೧೮೪೭ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಹುಟ್ಟಿದ ‘ಬ್ಯಾಂಡ್ ಆಫ್ ಹೋಪ್’ ಎಂಬ ಸಂಸ್ಥೆಯಲ್ಲಿ ಕಾಣುತ್ತೇವೆ. ‘ಭರವಸೆಯ ಬಳಗ’ ಎಂದು ಈ ಹೆಸರನ್ನು ಕನ್ನಡಿಸಬಹುದು. ಮಕ್ಕಳಿಂದ ಮದ್ಯವರ್ಜನದ ಪ್ರತಿಜ್ಞೆ ಮಾಡಿಸಿದ ಸಂಸ್ಥೆಯೆಂದೇ ಇದು ಪ್ರಸಿದ್ಧವಾಗಿದೆ. ಆದರೆ ಅದರ ಬಲವಿದ್ದುದು ಆ ಪ್ರತಿಜ್ಞೆಯಲ್ಲಿಯೋ ಅಥವಾ ಪ್ರತಿಜ್ಞೆಯ ಸುತ್ತ ಅದು ಕಟ್ಟಿದ ಬೇರೊಂದು ಏರ್ಪಾಡಿನಲ್ಲಿಯೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ೧೮೩೦ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿ, ಎರಡು ಗಿನಿ ಶುಲ್ಕ ತೆತ್ತ ಯಾವ ಗೃಹಸ್ಥನೇ ಆಗಲಿ ತನ್ನ ಮನೆಯಲ್ಲಿ ಬೀರು ಮಾರಬಹುದೆಂದು ವಿಧಿಸಿತು. ಜಿನ್ ಮೊದಲಾದ ತೀಕ್ಷ್ಣ ಮದ್ಯಗಳಿಂದ ಜನರನ್ನು ಬೀರಿನ ಕಡೆಗೆ ತಿರುಗಿಸಬೇಕೆಂಬುದು ಶಾಸನಕರ್ತರ ಉದ್ದೇಶಗಳಲ್ಲೊಂದಾಗಿತ್ತು. ಪರಿಣಾಮವಾಗಿ ಕೆಲವೇ ತಿಂಗಳುಗಳಲ್ಲಿ ಸಾವಿರಾರು ಬೀರಿನ ಮನೆಗಳು ತಲೆಯೆತ್ತಿದವು. ಇದಾದ ಎರಡು ವರ್ಷಗಳಿಗೆ, ೧೮೩೨ರ ಸೆಪ್ಟೆಂಬರ್ ೧ರಂದು, ಪ್ರೆಸ್ಟನ್ ಪಟ್ಟಣದಲ್ಲಿ ಜೋಸೆಫ್ ಲೈವ್‌ಸೀ ಎಂಬ ಗಿಣ್ಣಿನ ವ್ಯಾಪಾರಿಯೂ ಅವನ ಆರು ಮಂದಿ ಸಂಗಡಿಗರೂ ಬೀರನ್ನೂ ಒಳಗೊಂಡಂತೆ ಸರ್ವವಿಧ ಮದ್ಯಗಳನ್ನೂ ತ್ಯಜಿಸುವುದಾಗಿ ಸಹಿ ಹಾಕಿದರು. ಅದುವರೆಗಿನ ಸುಧಾರಕರು ಬಹುಮಟ್ಟಿಗೆ ಮಿತಪಾನವನ್ನು ಬೋಧಿಸುತ್ತಿದ್ದವರು. ಪ್ರೆಸ್ಟನ್ನಿನವರು ಬೋಧಿಸಿದುದು ಪೂರ್ಣವರ್ಜನವನ್ನು. ೧೮೩೪ರಲ್ಲಿ ಅದೇ ಊರಿನಲ್ಲಿ ತರುಣರಿಗಾಗಿಯೂ ಒಂದು ಸಂಘವೇರ್ಪಟ್ಟಿತು. ಥಾಮಸ್ ಕುಕ್ ೧೮೪೦ರಲ್ಲಿ ಮಕ್ಕಳಿಗಾಗಿ ಒಂದು ಮದ್ಯವರ್ಜನ ಪತ್ರಿಕೆಯನ್ನು ಹೊರಡಿಸಿದನು. ಪ್ರವಾಸದ ವ್ಯಾಪಾರದಲ್ಲಿ ಮುಂದೆ ಜಗತ್ಪ್ರಸಿದ್ಧನಾದವನು ಇವನೇ. ೧೮೪೧ರಲ್ಲಿ ಇವನು ಏರ್ಪಡಿಸಿದ ಮೊದಲ ರೈಲು ಪ್ರವಾಸವೂ ಲೆಸ್ಟರ್‌ನಿಂದ ಲಫ್‌ಬರೋವಿಗೆ ಮದ್ಯವರ್ಜಕರನ್ನು ಸಭೆಗೆ ಕರೆದೊಯ್ಯುವುದಕ್ಕಾಗಿಯೇ ಹೊರಟಿತ್ತೆಂಬುದನ್ನು ಇಂದು ನೆನೆಯುವವರು ವಿರಳ.

ಲೀಡ್ಸ್ ಆಗ ಉಣ್ಣೆಯ ಗಿರಣಿಗಳ ನಗರ. ೧೮೫೧ರ ಜನಗಣತಿಯಂತೆ ಅದರ ಜನಸಂಖ್ಯೆ ಸುಮಾರು ೧,೭೨,೦೦೦. ಆ್ಯನ್ ಜೇನ್ ಕಾರ್ಲೈಲ್ ಎಂಬ ಐರಿಷ್ ಮಹಿಳೆ ೧೮೪೭ರಲ್ಲಿ ಅಲ್ಲಿಗೆ ಬಂದಾಗ ಆಕೆಗೆ ಎಪ್ಪತ್ತೆರಡು ವರ್ಷ. ಪ್ರೆಸ್ಬಿಟೀರಿಯನ್ ಬೋಧಕನೊಬ್ಬನ ವಿಧವೆಯಾದ ಆಕೆ ಡಬ್ಲಿನ್ನಿನ ಸೆರೆಮನೆಗಳಿಗೆ ಹೋಗಿ ಅಲ್ಲಿನ ಹೆಂಗಸರನ್ನು ಕಂಡು ಬಂದವಳು. ಅವರನ್ನು ಅಲ್ಲಿಗೆ ತಂದ ಕಾರಣಗಳಲ್ಲಿ ಮದ್ಯವೇ ಮುಖ್ಯವೆಂದು ಮನಗಂಡವಳು. ಲೀಡ್ಸ್‌ನ ಬ್ಯಾಪ್ಟಿಸ್ಟ್ ಬೋಧಕ ಜೇಬೆಜ್ ಟನಿಕ್ಲಿಫ್ ಆಕೆಯ ಜೊತೆಗೂಡಿದನು. ಮದ್ಯದಿಂದ ಹಾಳಾಗಿ ಮರಣಶಯ್ಯೆಯಲ್ಲಿ ಮಲಗಿದ್ದ ತರುಣನೊಬ್ಬನು, ಮೊದಲ ಲೋಟವನ್ನು ಮುಟ್ಟದಂತೆ ಮಕ್ಕಳನ್ನು ಎಚ್ಚರಿಸಬೇಕೆಂದು ಟನಿಕ್ಲಿಫ್‌ನನ್ನು ಬೇಡಿಕೊಂಡನೆಂದು ಸಂಸ್ಥೆಯ ಪರಂಪರೆ ಹೇಳುತ್ತದೆ. ಸ್ಥಾಪಕರನ್ನು ಕುರಿತ ಇಂಥ ಕಥೆಗಳು ಕಾಲಕ್ರಮದಲ್ಲಿ ನಯಗೊಳ್ಳುವುದು ಸಹಜವಾದುದರಿಂದ ಇದನ್ನು ಅಕ್ಷರಶಃ ಸ್ವೀಕರಿಸಬೇಕಾಗಿಲ್ಲ. ಚಟ ಬಿಡಿಸುವ ಕೆಲಸದಲ್ಲಿ ಸೋತವರು ಮಕ್ಕಳ ಕಡೆಗೆ ತಿರುಗಿದರೆಂಬ ಅಂಶವಾದರೂ ಇದರಿಂದ ಸ್ಪಷ್ಟವಾಗುತ್ತದೆ. ಆ ವರ್ಷದ ಶರತ್ಕಾಲದಲ್ಲಿ ಬಳಗದ ಮೊದಲ ಸಭೆ ಸೇರಿತು. ಅದೇ ೧೮೪೭ರಲ್ಲಿ ಚಿತ್ರಕಾರ ಜಾರ್ಜ್ ಕ್ರುಯಿಕ್‌ಶ್ಯಾಂಕ್ ‘ದಿ ಬಾಟಲ್’ ಎಂಬ ಎಂಟು ಚಿತ್ರಗಳ ಮಾಲೆಯನ್ನು ಪ್ರಕಟಿಸಿದನು. ಒಂದು ಸಂಸಾರವು ಸೀಸೆಯಿಂದ ನಾಶವಾಗುವ ಈ ಚಿತ್ರಕಥೆ ಮುಂದೆ ಮ್ಯಾಜಿಕ್ ಲ್ಯಾಂಟರ್ನ್ ಮೂಲಕ ಮದ್ಯವರ್ಜನದ ಎಷ್ಟೋ ಸಭೆಗಳ ಪರದೆಯ ಮೇಲೆ ಮೂಡಿತು.

ಅದೇ ವರ್ಷ ನಡೆದ ಮತ್ತೊಂದು ಸಂಗತಿಯನ್ನು ಬಳಗದ ಚರಿತ್ರೆಯೊಡನೆ ಸೇರಿಸಿ ಹೇಳುವ ವಾಡಿಕೆಯಿಲ್ಲ. ಸೇರಿಸಿ ಹೇಳುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ. ಬಟ್ಟೆಯ ಗಿರಣಿಗಳಲ್ಲಿ ಹದಿಮೂರರಿಂದ ಹದಿನೆಂಟು ವರ್ಷದೊಳಗಿನವರೂ ಹೆಂಗಸರೂ ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಯಕೂಡದೆಂಬ ಶಾಸನ ೧೮೪೭ರಲ್ಲಿಯೇ ಅಂಗೀಕೃತವಾಯಿತು. ಹದಿಮೂರರ ಒಳಗಿನ ಮಕ್ಕಳಿಗೆ ೧೮೪೪ರ ಶಾಸನದಿಂದ ಅರ್ಧ ದಿನದ ದುಡಿಮೆ ಮಾತ್ರ ಗೊತ್ತಾಗಿತ್ತು. ಹೀಗೆ ಗಿರಣಿಯ ಊರುಗಳ ಎಳೆಯರಿಗೆ ಸಂಜೆ ಎಂಬ ಹೊತ್ತೊಂದು ದೊರೆಯಿತು. ಆ ಹೊತ್ತನ್ನು ಕಳೆಯಲು ಅವರಿಗಿದ್ದ ಸ್ಥಳಗಳಾವುವು? ಮನೆಯೆಂದರೆ ಒಂದೋ ಎರಡೋ ಕೋಣೆ. ಹೊರಗೆ ಬೀದಿ. ಬೆಳಕೂ ಬೆಂಕಿಯೂ ಹಾಡೂ ಜೊತೆಗಾರರೂ ಉಚಿತವಾಗಿ ದೊರೆಯುತ್ತಿದ್ದ ಸ್ಥಳ ಮದ್ಯದಂಗಡಿಯೊಂದೇ. ಅಲ್ಲಿ ಬೆಲೆಯಿದ್ದುದು ಮದ್ಯಕ್ಕೆ ಮಾತ್ರ.

ಬ್ಯಾಂಡ್ ಆಫ್ ಹೋಪ್ ಈ ತೆರವನ್ನು ತುಂಬಿತು. ವಾರಕ್ಕೊಂದು ಸಂಜೆ, ಪ್ರಾರ್ಥನಾಮಂದಿರಕ್ಕೆ ಸೇರಿದ ಪಾಠದ ಕೋಣೆಯಲ್ಲಿ, ದೀಪ ಹಚ್ಚಿ ಮಕ್ಕಳನ್ನು ಕೂಡಿಸುತ್ತಿದ್ದರು. ಸಾಮೂಹಿಕ ಗಾಯನ, ಕಂಠಪಾಠ, ಸಣ್ಣ ಸಂವಾದ ನಾಟಕಗಳು ನಡೆಯುತ್ತಿದ್ದವು. ಮೊಟ್ಟೆಯ ಬಿಳಿಯ ಲೋಳೆಗೆ ಮದ್ಯಸಾರವನ್ನು ಹುಯ್ದು, ಅದು ಬೆಂದಂತೆ ಗಟ್ಟಿಯಾಗುವುದನ್ನು ಎದುರಿನಲ್ಲಿಯೇ ತೋರಿಸುತ್ತಿದ್ದರು. ಹೊಟ್ಟೆಯೊಳಗೂ ಹೀಗೆಯೇ ಎಂದು ಅನುಮಾನಿಸುವುದು ಶಾಸ್ತ್ರದ ದೃಷ್ಟಿಯಿಂದ ಸಾಲದಾದರೂ ಮಗುವಿನ ಮನಸ್ಸಿನಲ್ಲಿ ಅದು ಅಚ್ಚೊತ್ತುತ್ತಿದ್ದುದರಲ್ಲಿ ಸಂದೇಹವಿಲ್ಲ. ಬೇಸಗೆಯಲ್ಲಿ ಬಾವುಟಗಳನ್ನು ಹಿಡಿದ ಮೆರವಣಿಗೆಯೂ ಹಳ್ಳಿಗಾಡಿಗೆ ಸಂಚಾರವೂ ಇದ್ದವು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸಾವಿರಾರು ಮಕ್ಕಳು ಏಕಕಂಠದಿಂದ ಹಾಡಿದ ಉತ್ಸವಗಳು ನಡೆದವು. ೧೮೫೧ರಿಂದ ಥಾಮಸ್ ಬೈವಾಟರ್ ಸ್ಮಿಥೀಸ್ ಸಂಪಾದಿಸಿದ ‘ಬ್ಯಾಂಡ್ ಆಫ್ ಹೋಪ್ ರಿವ್ಯೂ’ ಎಂಬ ಸಚಿತ್ರ ಮಾಸಪತ್ರಿಕೆ ಅರ್ಧ ಪೆನ್ನಿಗೆ ಸಿಕ್ಕುತ್ತಿತ್ತು. ಬಡ ಮನೆಗಳಲ್ಲಿ ಅಚ್ಚಿನ ಚಿತ್ರವೇ ಅಪರೂಪವಾಗಿದ್ದ ಕಾಲದಲ್ಲಿ ಇದು ಸಣ್ಣ ಆಕರ್ಷಣೆಯಲ್ಲ.

ಪ್ರತಿಜ್ಞೆಯ ವಿಷಯದಲ್ಲಿ ಆಕ್ಷೇಪಗಳೂ ಇದ್ದವು. ಆರೇಳು ವರ್ಷದ ಮಗು ತಾನು ರುಚಿ ನೋಡಿಯೇ ಇಲ್ಲದ ವಸ್ತುವನ್ನು ಆಜೀವ ತ್ಯಜಿಸುವೆನೆಂದು ಸಹಿ ಹಾಕುವುದಕ್ಕೆ ಏನು ಅರ್ಥವೆಂದು ಕೇಳುವವರಿಗೆ ಉತ್ತರ ಹೇಳುವುದು ಸುಲಭವಾಗಿರಲಿಲ್ಲ. ತಂದೆತಾಯಿಗಳ ಒಪ್ಪಿಗೆ ಪಡೆದೇ ಮಕ್ಕಳನ್ನು ಸೇರಿಸಿಕೊಳ್ಳುವ ಪದ್ಧತಿ ಬೆಳೆದುಬಂದುದು ಈ ಆಕ್ಷೇಪಕ್ಕೆ ಒಂದು ಸಮಾಧಾನವಾಯಿತು. ಆದರೆ ಅದರಿಂದಲೇ ಬೇರೊಂದು ತೊಡಕು ಹುಟ್ಟಿತು. ಒಪ್ಪಿಗೆ ಕೊಡುವವರು ಸಾಮಾನ್ಯವಾಗಿ ಮಂದಿರಕ್ಕೆ ಹೋಗುವ, ಸಭ್ಯತೆಯನ್ನು ಬಯಸುವ ಕುಟುಂಬದವರು. ಕುಡುಕರ ಮನೆಯ ಮಗುವಿಗೆ ಬಳಗದ ಬಾಗಿಲು ತೆರೆದೇ ಇದ್ದರೂ ಅಲ್ಲಿಗೆ ಕಳುಹಿಸುವವರು ಯಾರು? ಈ ಚಳವಳಿಯನ್ನು ಕುರಿತು ೧೯೭೩ರಲ್ಲಿ ವಿಮರ್ಶಾತ್ಮಕ ಲೇಖನವನ್ನು ಪ್ರಕಟಿಸಿದ ಇತಿಹಾಸಕಾರ್ತಿ ಲಿಲಿಯನ್ ಲೂಯಿಸ್ ಶೈಮನ್ ಅವರು ಇದನ್ನು ದುಡಿಯುವ ವರ್ಗದ ಮಕ್ಕಳಿಗೆ ಒದಗಿದ ಸಭ್ಯ ವಿನೋದವೆಂದು ವರ್ಣಿಸಿರುವುದು ಬಹಳ ಔಚಿತ್ಯಪೂರ್ಣವಾಗಿದೆ.

ಬಳಗವು ಸ್ಥಳೀಯ ಸಂಘಗಳ ಒಕ್ಕೂಟವಾಗಿ ಬೆಳೆದು ೧೮೯೭ರಲ್ಲಿ ಸುವರ್ಣಮಹೋತ್ಸವವನ್ನು ಆಚರಿಸಿದಾಗ ಬ್ರಿಟನ್ನಿನ ಮಕ್ಕಳ ಮದ್ಯವರ್ಜನ ಸಂಘಗಳ ಸದಸ್ಯಸಂಖ್ಯೆ ಮೂವತ್ತು ಲಕ್ಷವನ್ನು ಮೀರಿತ್ತೆಂದು ಲೆಕ್ಕ ಹೇಳಿತು. ಲೆಕ್ಕ ಬರೆದವರು ಸಂಘದವರೇ ಎಂಬುದನ್ನು ಮರೆಯಲಾಗದು. ಅದಕ್ಕಿಂತಲೂ ಮುಖ್ಯವಾದುದು, ಆ ಮಕ್ಕಳು ದೊಡ್ಡವರಾದ ಮೇಲೆ ಏನಾದರೆಂಬುದು. ಹದಿಮೂರು ಹದಿನಾಲ್ಕರ ವಯಸ್ಸಿಗೆ ಕೆಲಸಕ್ಕೆ ಸೇರಿದವರು ಬಳಗವನ್ನು ಬಿಟ್ಟುಹೋಗುತ್ತಿದ್ದರು. ಕೈಗೆ ಕೂಲಿ ಬಂದು, ಹಿರಿಯ ಕೆಲಸಗಾರರ ಜೊತೆ ಸೇರಿ, ಮದ್ಯದಂಗಡಿಯ ಕರೆ ಮೊದಲು ಕೇಳುವುದೂ ಆ ವಯಸ್ಸಿನಲ್ಲಿಯೇ. ಕಾಪು ಹೆಚ್ಚಾಗಿ ಬೇಕಾಗಿದ್ದ ವರ್ಷಗಳಲ್ಲಿ ಕಾಪು ಇರಲಿಲ್ಲ. ಈ ‘ಸೋರಿಕೆ’ ಸಂಘಟಕರಿಗೂ ತಿಳಿದಿತ್ತು. ದೊಡ್ಡ ಹುಡುಗರಿಗೆ ಬೇರೆ ಶಾಖೆಗಳನ್ನು ತೆರೆದು ನೋಡಿದರು. ಬ್ರಿಟನ್ನಿನಲ್ಲಿ ತಲಾವಾರು ಮದ್ಯಸೇವನೆ ೧೮೭೦ರ ದಶಕದ ನಡುವೆ ಶಿಖರಕ್ಕೇರಿ ತರುವಾಯ ಇಳಿಯತೊಡಗಿತೆಂಬುದು ನಿಜ. ಇದರ ಕೀರ್ತಿಯನ್ನೆಲ್ಲ ಪ್ರತಿಜ್ಞಾಪತ್ರಗಳಿಗೆ ಕೊಡುವುದು ಸಾಧುವಲ್ಲ. ಶುದ್ಧವಾದ ನೀರು, ಅಗ್ಗವಾದ ಚಹ, ಶನಿವಾರದ ಅರ್ಧ ರಜೆ, ಫುಟ್‌ಬಾಲ್ ಆಟ, ಸಮುದ್ರತೀರಕ್ಕೆ ರೈಲು—ಇವೂ ತಮ್ಮ ತಮ್ಮ ಪಾಲಿನ ಕೆಲಸ ಮಾಡಿದ್ದವು.

ಮಗುವಿನ ಸಂಕಲ್ಪವೊಂದೇ ಸಾಲದೆಂಬುದಕ್ಕೆ ಬೀರಿನ ಹೂಜಿಯ ಪ್ರಕರಣ ಉತ್ತಮ ನಿದರ್ಶನ. ತಂದೆಯ ರಾತ್ರಿಯೂಟಕ್ಕೆ ಬೀರು ತರಲು ಹೂಜಿ ಕೊಟ್ಟು ಮಗುವನ್ನೇ ಮದ್ಯದಂಗಡಿಗೆ ಅಟ್ಟುವುದು ಆಗ ಮನೆಮನೆಯ ರೂಢಿ. ದಾರಿಯಲ್ಲಿ ಒಂದೆರಡು ಗುಟುಕು ಕುಡಿದುನೋಡುವುದು ಮಕ್ಕಳ ಸ್ವಭಾವ. ಗಿರಾಕಿ ತಪ್ಪದಿರಲೆಂದು ಅಂಗಡಿಯವರು ಮಗುವಿನ ಕೈಗೆ ಮಿಠಾಯಿ ಕೊಡುತ್ತಿದ್ದುದೂ ಉಂಟು. ಪ್ರತಿಜ್ಞೆ ಮಾಡಿದ ಮಗುವೂ ತಂದೆಯ ಆಜ್ಞೆಯನ್ನು ಮೀರಲಾರದು. ಇಲ್ಲಿ ಕಾನೂನಿನ ನೆರವು ಅಗತ್ಯವಾಯಿತು. ಅದಕ್ಕಾಗಿ ಮದ್ಯವರ್ಜನ ಸಂಘಗಳು ವರ್ಷಾನುಗಟ್ಟಲೆ ಹೋರಾಡಿದವು. ೧೮೮೬ರ ಶಾಸನ ಹದಿಮೂರರ ಒಳಗಿನವರಿಗೆ ಅಂಗಡಿಯಲ್ಲಿಯೇ ಕುಡಿಯಲು ಮದ್ಯ ಮಾರುವುದನ್ನು ನಿಷೇಧಿಸಿತು. ೧೯೦೧ರ ಶಾಸನದಂತೆ ಹದಿನಾಲ್ಕರ ಒಳಗಿನವರ ಕೈಗೆ ಬಿರಡೆ ಹಾಕಿ ಮುದ್ರೆಯೊತ್ತಿದ ಪಾತ್ರೆಯಲ್ಲಲ್ಲದೆ ಮದ್ಯ ಕೊಡಕೂಡದಾಯಿತು. ೧೯೦೮ರ ಮಕ್ಕಳ ಶಾಸನ ಹದಿನಾಲ್ಕರ ಒಳಗಿನವರನ್ನು ಪಾನಗೃಹದೊಳಕ್ಕೆ ಬಿಡುವುದನ್ನೇ ನಿಲ್ಲಿಸಿತು. ಐದು ವರ್ಷದ ಒಳಗಿನ ಶಿಶುಗಳಿಗೆ, ವೈದ್ಯಕೀಯ ಕಾರಣವಿಲ್ಲದೆ, ಮದ್ಯ ಕುಡಿಸುವುದು ಅಪರಾಧವೆಂದೂ ಅದೇ ಶಾಸನ ಸಾರಿತು. ಇಂಥ ವಿಧಿ ಬೇಕಾಯಿತೆಂಬುದರಿಂದಲೇ ಆ ಕಾಲದ ನಡವಳಿಕೆಯನ್ನು ಊಹಿಸಿಕೊಳ್ಳಬಹುದು. ೧೯೨೩ರಲ್ಲಿ ಲೇಡಿ ಆಸ್ಟರ್ ಅವರ ಪ್ರಯತ್ನದಿಂದ, ಪಾನಗೃಹದಲ್ಲಿ ಮದ್ಯ ಕೊಳ್ಳುವ ವಯಸ್ಸು ಹದಿನೆಂಟಕ್ಕೇರಿತು.

ಶಾಲೆಯ ಪಾಠದ ಮೂಲಕ ಇದೇ ಕೆಲಸವನ್ನು ಸಾಧಿಸುವ ಯತ್ನವೂ ಸಮಾನಾಂತರವಾಗಿ ನಡೆಯಿತು. ವೈದ್ಯನಾದ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ ೧೮೭೮ರಲ್ಲಿ ಶಾಲೆಗಳಿಗಾಗಿ ಪಾಠಪುಸ್ತಕವೊಂದನ್ನು ಬರೆದನು. ಅಮೆರಿಕದಲ್ಲಿ ಮೇರಿ ಹಂಟ್ ಅವರ ನೇತೃತ್ವದಲ್ಲಿ ಈ ಪಾಠ ಕಡ್ಡಾಯವೇ ಆಯಿತು: ೧೮೮೨ರಲ್ಲಿ ವರ್ಮಾಂಟ್ ಸಂಸ್ಥಾನದಿಂದ ಮೊದಲಾಗಿ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಆದರೆ ‘ಐವತ್ತು ಮಂದಿಯ ಸಮಿತಿ’ ಎಂಬ ವಿದ್ವಾಂಸರ ಮಂಡಲಿ ಆ ಪಠ್ಯಪುಸ್ತಕಗಳನ್ನು ಪರೀಕ್ಷಿಸಿ, ಅವುಗಳಲ್ಲಿನ ಎಷ್ಟೋ ಹೇಳಿಕೆಗಳು ಅತಿಶಯೋಕ್ತಿಗಳೆಂದು ೧೯೦೩ರಲ್ಲಿ ಪ್ರಕಟಿಸಿದ ವರದಿಯಲ್ಲಿ ಟೀಕಿಸಿತು. ಹೆದರಿಸುವ ಸಲುವಾಗಿ ಉತ್ಪ್ರೇಕ್ಷೆ ಮಾಡಿದರೆ, ಹುಡುಗನು ಬೆಳೆದು ಅದರ ಸುಳ್ಳನ್ನು ಕಂಡುಕೊಂಡಾಗ ನಿಜವಾದ ಎಚ್ಚರಿಕೆಯನ್ನೂ ಅದರೊಡನೆ ಎಸೆದುಬಿಡುತ್ತಾನೆ. ಅಧ್ಯಾಪಕರಾದ ನಮಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಒಂದನೆಯ ಮಹಾಯುದ್ಧದ ತರುವಾಯ ಬಳಗ ಕ್ಷೀಣಿಸತೊಡಗಿತು. ಅದರ ಬೋಧನೆಯನ್ನು ಯಾರೋ ಖಂಡಿಸಿ ಸೋಲಿಸಿದ್ದರಿಂದ ಹೀಗಾದುದಲ್ಲ. ಸಿನಿಮಾ ಬಂದಿತು, ಸ್ಕೌಟ್ ದಳಗಳು ಬಂದವು, ರೇಡಿಯೋ ಬಂದಿತು. ಭಾನುವಾರದ ಪಾಠಶಾಲೆಗಳು ಬರಿದಾದವು. ಸಂಜೆಯ ಹೊತ್ತು ಕೈತಪ್ಪಿದ ಮೇಲೆ ಪ್ರತಿಜ್ಞೆಯೂ ಉಳಿಯಲಿಲ್ಲ. ಅದರ ಬಲ ಯಾವುದರಲ್ಲಿದ್ದಿತೆಂಬ ನಮ್ಮ ಮೊದಲ ಪ್ರಶ್ನೆಗೆ ಈ ಅವನತಿಯ ಕ್ರಮವೇ ಬಹುಮಟ್ಟಿಗೆ ಉತ್ತರ ಕೊಡುತ್ತದೆ. ಸಂಸ್ಥೆ ಮಾತ್ರ ಅಳಿಯಲಿಲ್ಲ. ೧೯೯೫ರಲ್ಲಿ ಅದು ‘ಹೋಪ್ ಯು.ಕೆ.’ ಎಂದು ಹೆಸರನ್ನು ಬದಲಾಯಿಸಿಕೊಂಡು, ಮದ್ಯದೊಡನೆ ಇತರ ಮಾದಕ ಪದಾರ್ಥಗಳ ವಿಷಯವನ್ನೂ ಕೈಗೆತ್ತಿಕೊಂಡು, ಊರಿನ ಸ್ವಯಂಸೇವಕರಿಗೆ ತರಬೇತಿ ಕೊಟ್ಟು ಮಕ್ಕಳ ಮತ್ತು ತಂದೆತಾಯಿಗಳ ಬಳಿಗೆ ಕಳುಹಿಸುವ ಸಂಸ್ಥೆಯಾಯಿತು.

ಇದಕ್ಕೆ ಹೋಲಿಸತಕ್ಕ ಈಚಿನ ಪ್ರಯೋಗ ಐಸ್‌ಲ್ಯಾಂಡಿನದು. ಸಂಪೂರ್ಣವಾಗಿ ಬೇರೆ ನೆಲದಲ್ಲಿ, ಬಳಗದ ಪರಂಪರೆಯೊಡನೆ ಯಾವ ನೇರ ಸಂಬಂಧವೂ ಇಲ್ಲದೆ ಬೆಳೆದುದಾದುದರಿಂದಲೇ ಅದರ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ೧೯೯೭ರ ಸುಮಾರಿಗೆ ಅಲ್ಲಿ ಆರಂಭವಾದ ಯೋಜನೆಯಲ್ಲಿ ಶಾಲಾಮಕ್ಕಳನ್ನು ಕಾಲಕಾಲಕ್ಕೆ ಪ್ರಶ್ನಿಸಿ, ಆಯಾ ಊರಿನ ಫಲಿತಾಂಶವನ್ನು ಆಯಾ ಊರಿಗೇ ತಿಳಿಸುವ ಪದ್ಧತಿಯಿತ್ತು. ಆಟ, ಸಂಗೀತ, ಕಲೆಗಳ ಕೂಟಗಳಿಗೆ ಸಾರ್ವಜನಿಕ ಹಣ ಒದಗಿಸಿದರು. ರಾತ್ರಿ ಇಂತಿಷ್ಟು ಗಂಟೆಯಾದ ಮೇಲೆ ಮಕ್ಕಳು ಹಿರಿಯರಿಲ್ಲದೆ ಹೊರಗಿರಬಾರದೆಂದು ಕಾನೂನು ವಿಧಿಸಿತು. ಹದಿನೈದು ಹದಿನಾರು ವರ್ಷದವರಲ್ಲಿ ಹಿಂದಿನ ಒಂದು ತಿಂಗಳೊಳಗೆ ಕುಡಿದು ಮತ್ತರಾದವರ ಪ್ರಮಾಣ ೧೯೯೮ರಲ್ಲಿ ನೂರಕ್ಕೆ ೪೨ ಇದ್ದುದು ೨೦೧೬ರಲ್ಲಿ ನೂರಕ್ಕೆ ೫ಕ್ಕೆ ಇಳಿಯಿತು. ದಿನವೂ ಸಿಗರೇಟು ಸೇದುವವರು ೨೩ರಿಂದ ೩ಕ್ಕೆ ಇಳಿದರು. ಅದೇ ಕಾಲದಲ್ಲಿ ಯೂರೋಪಿನ ಇತರ ಕೆಲವು ದೇಶಗಳಲ್ಲಿಯೂ ತರುಣರ ಪಾನ ತಗ್ಗಿದುದರಿಂದ ಈ ಇಳಿಕೆಯನ್ನೆಲ್ಲ ಯೋಜನೆಯ ಫಲವೆನ್ನಲಾಗದಿದ್ದರೂ, ಇಷ್ಟು ದೊಡ್ಡ ಅಂತರ ಬೇರೆಡೆ ಅಪರೂಪ. ಲೀಡ್ಸ್‌ನ ಏರ್ಪಾಡಿನಂತೆ ಇಲ್ಲಿಯೂ ಮುಖ್ಯವಾದುದು ಸಂಜೆಯ ಹೊತ್ತೇ. ಪ್ರತಿಜ್ಞಾಪತ್ರವೂ ಐಸ್‌ಲ್ಯಾಂಡಿನಲ್ಲಿ ಉಂಟು. ಮಕ್ಕಳಿಗೆ ಮದ್ಯ ಕೊಂಡುಕೊಡುವುದಿಲ್ಲ, ಹಿರಿಯರಿಲ್ಲದ ಕೂಟಗಳಿಗೆ ಎಡೆಗೊಡುವುದಿಲ್ಲ ಎಂಬಂಥ ಕರಾರುಗಳು ಅದರಲ್ಲಿವೆ. ಅದಕ್ಕೆ ಸಹಿ ಹಾಕುವವರು ತಂದೆತಾಯಿಗಳು.