ತಿರುವಿನ ಲೆಕ್ಕ: ಘರ್ಷಣೆ, ಟೈರು ಮತ್ತು ವೇಗದ ಚರಿತ್ರೆ

ಸಕಲೇಶಪುರ ತಾಲೂಕಿನ ಯಸಳೂರು ಹೋಬಳಿಯಿಂದ ಬಿಸಿಲೆ ಘಾಟಿಯ ಮೂಲಕ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ರಸ್ತೆಯನ್ನು ಬಲ್ಲವರಿಗೆ ತಿರುವು ಎಂದರೇನೆಂದು ವಿವರಿಸಬೇಕಾಗಿಲ್ಲ. ಒಂದು ಬದಿ ಗುಡ್ಡ, ಇನ್ನೊಂದು ಬದಿ ಕಣಿವೆ. ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು, ತರಗೆಲೆ, ಕೆಸರು. ಕಾಲೇಜಿನ ದಿನಗಳಲ್ಲಿ ಇಂಥದೇ ಒಂದು ತಿರುವಿನ ನಡುವೆ ಸ್ಕೂಟರಿನ ಬ್ರೇಕು ಒತ್ತಿ ನಾನು ಬಿದ್ದಿದ್ದೆ. ನ್ಯೂಟನ್ನನ ನಿಯಮಗಳನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದವನು ರಸ್ತೆಯಲ್ಲಿ ಅವನ್ನು ಮರೆತಿದ್ದೆ. ಈಚೆಗೆ ವಿದ್ಯಾರ್ಥಿಯೊಬ್ಬ, "ಸರ್, ರೇಸ್ ಟ್ರ್ಯಾಕಿನಲ್ಲಿ ಕಲಿಸುವ ವಿದ್ಯೆಯನ್ನು ಘಾಟಿಯಲ್ಲಿ ಬಳಸಬಹುದೇ?" ಎಂದು ಕೇಳಿದ. ಉತ್ತರಕ್ಕೆ ಮುನ್ನೂರು ವರ್ಷಗಳ ಚರಿತ್ರೆಯನ್ನು ನೋಡಬೇಕಾಗುತ್ತದೆ.

ಘರ್ಷಣೆಯ ನಿಯಮ

ಫ್ರಾನ್ಸಿನ ಅಮೋಂತೋ 1699ರಲ್ಲಿ ಘರ್ಷಣ ಬಲವು ಭಾರಕ್ಕೆ ಅನುಪಾತದಲ್ಲಿರುತ್ತದೆ ಎಂದು ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. 1785ರಲ್ಲಿ ಪ್ರಕಟವಾದ ಕುಲಂಬ್‌ನ ಪ್ರಯೋಗಗಳು ಇದನ್ನು ಇನ್ನಷ್ಟು ಖಚಿತಪಡಿಸಿದವು. ವಿದ್ಯುದಾವೇಶಗಳ ನಿಯಮಕ್ಕೆ ಹೆಸರಾದ ಕುಲಂಬ್ ಈತನೇ. ಟೈರಿನ ರಬ್ಬರು ಈ ಸರಳ ನಿಯಮವನ್ನು ಪೂರ್ತಿಯಾಗಿ ಪಾಲಿಸುವುದಿಲ್ಲ. ಆದರೂ ಮೊದಲ ಅಂದಾಜಿಗೆ ಅದು ಸಾಕು.

ತಿರುವಿನಲ್ಲಿ ವಾಹನಕ್ಕೆ ಬೇಕಾದ ಕೇಂದ್ರಾಭಿಮುಖ ಬಲವನ್ನು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆಯೇ ಒದಗಿಸಬೇಕು. ಸಮತಟ್ಟಾದ ತಿರುವಿನಲ್ಲಿ ಗರಿಷ್ಠ ವೇಗದ ವರ್ಗವು ಘರ್ಷಣಾ ಗುಣಾಂಕ, ಗುರುತ್ವ ವೇಗೋತ್ಕರ್ಷ ಮತ್ತು ತ್ರಿಜ್ಯ ಇವುಗಳ ಗುಣಲಬ್ಧಕ್ಕೆ ಸಮ. ತ್ರಿಜ್ಯ 20 ಮೀಟರ್, ಗುಣಾಂಕ 0.7 ಎಂದಿಟ್ಟುಕೊಂಡರೆ ಗರಿಷ್ಠ ವೇಗ ಸೆಕೆಂಡಿಗೆ 11.7 ಮೀಟರ್, ಅಂದರೆ ಗಂಟೆಗೆ ಸುಮಾರು 42 ಕಿ.ಮೀ. ಮಳೆಯಿಂದ ಗುಣಾಂಕ 0.4ಕ್ಕೆ ಇಳಿದರೆ 32 ಕಿ.ಮೀ. ಸೂತ್ರದಲ್ಲಿ ರಾಶಿ ಇಲ್ಲವೆಂಬುದನ್ನು ಗಮನಿಸಿ. ಚಾಲಕನ ಧೈರ್ಯವೂ ಇಲ್ಲ!

ಕಾಮ್‌ನ ವೃತ್ತ

ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ 1930ರಲ್ಲಿ ವಾಹನ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಎಂಜಿನಿಯರ್ ವುನಿಬಾಲ್ಡ್ ಕಾಮ್. ಅವನ ಹೆಸರಿನ 'ಕಾಮ್ ವೃತ್ತ' ರೇಸ್ ಚಾಲನೆಯ ಅಡಿಪಾಯ. ಟೈರಿನ ಹಿಡಿತವೆಂಬುದು ಒಂದೇ ಗಂಟು. ಬ್ರೇಕಿಗೂ ತಿರುವಿಗೂ ಅದರಿಂದಲೇ ಖರ್ಚಾಗಬೇಕು. ಆದರೆ ಇಲ್ಲಿ ಕೂಡುವ, ಕಳೆಯುವ ಲೆಕ್ಕ ನಡೆಯದು. ಬಲಗಳು ಸದಿಶಗಳಾದ್ದರಿಂದ ಪೈಥಾಗೊರಸ್‌ನ ಲೆಕ್ಕ ಬೇಕು. ಒಟ್ಟು ಹಿಡಿತ 5 ಪಾಲು ಇದ್ದು ಬ್ರೇಕಿಗೆ 3 ಪಾಲು ಬಳಸಿದರೆ ತಿರುವಿಗೆ 4 ಪಾಲು ಉಳಿಯುತ್ತದೆ. ಬ್ರೇಕಿಗೇ 5 ಪಾಲನ್ನೂ ಬಳಸಿದರೆ ತಿರುವಿಗೆ ಉಳಿಯುವುದು ಸೊನ್ನೆ. ವಾಹನ ನೇರವಾಗಿ ಜಾರುತ್ತದೆ. ನನ್ನ ಸ್ಕೂಟರಿಗೆ ಆದದ್ದು ಇದೇ. ಆದ್ದರಿಂದಲೇ ಬ್ರೇಕನ್ನು ನೇರ ರಸ್ತೆಯಲ್ಲೇ ಮುಗಿಸಿ, ನಿಧಾನವಾಗಿ ತಿರುವನ್ನು ಹೊಕ್ಕು, ಹೊರಬರುವಾಗ ವೇಗ ಹೆಚ್ಚಿಸಬೇಕೆಂಬುದು ಟ್ರ್ಯಾಕಿನ ಮೊದಲ ಪಾಠ.

ರಸ್ತೆಯಿಂದ ಟ್ರ್ಯಾಕಿಗೆ

ಎರಡನೆಯ ಪಾಠ ಜ್ಯಾಮಿತಿಯದು. ತಿರುವನ್ನು ಹೊರ ಅಂಚಿನಿಂದ ಹೊಕ್ಕು, ನಡುವೆ ಒಳ ಅಂಚನ್ನು ಮುಟ್ಟಿ, ಮತ್ತೆ ಹೊರ ಅಂಚಿಗೆ ಬಂದರೆ ಪಥದ ತ್ರಿಜ್ಯ ಹೆಚ್ಚುತ್ತದೆ. ಮೇಲಿನ 20 ಮೀಟರಿನ ತಿರುವು ಲಂಬಕೋನದ್ದಾಗಿದ್ದು, ವಾಹನದ ಪಥಕ್ಕೆ 4 ಮೀಟರ್ ಅಗಲ ಸಿಕ್ಕರೆ ತ್ರಿಜ್ಯವನ್ನು 30 ಮೀಟರಿಗೆ ಏರಿಸಬಹುದು. ಆಗ ಗರಿಷ್ಠ ವೇಗ 42ರಿಂದ ಸುಮಾರು 52 ಕಿ.ಮೀ.ಗೆ ಏರುತ್ತದೆ. ಇಂಥ ಪಥಗಳನ್ನು ಲೆಕ್ಕ ಹಾಕಿ ಪುಸ್ತಕ ಬರೆದವರಲ್ಲಿ ಇಟಲಿಯ ಎಂಜಿನಿಯರ್ ಮತ್ತು ರೇಸ್ ಚಾಲಕ ಪಿಯೆರೊ ತರುಫಿ ಪ್ರಮುಖ.

ಈ ತರುಫಿ 1957ರಲ್ಲಿ ಗೆದ್ದದ್ದು ಸಾರ್ವಜನಿಕ ರಸ್ತೆಗಳಲ್ಲಿ ನಡೆಯುತ್ತಿದ್ದ ಮಿಲ್ಲೆ ಮಿಲ್ಯಾ ಸ್ಪರ್ಧೆಯನ್ನು. ಅದೇ ದಿನ ಇನ್ನೊಂದು ಕಾರಿನ ಟೈರು ಸಿಡಿದು ಚಾಲಕ, ಅವನ ಜೊತೆಗಾರ ಮತ್ತು ರಸ್ತೆಬದಿಯ 9 ಮಂದಿ ಪ್ರೇಕ್ಷಕರು ಸತ್ತರು. ಪ್ರೇಕ್ಷಕರಲ್ಲಿ 5 ಮಂದಿ ಮಕ್ಕಳು. ವೇಗದ ಸ್ಪರ್ಧೆಯಾಗಿ ಮಿಲ್ಲೆ ಮಿಲ್ಯಾ ಅಲ್ಲಿಗೇ ಮುಗಿಯಿತು. ಅದಕ್ಕೂ ಮುಂಚೆ, 1903ರ ಪ್ಯಾರಿಸ್–ಮ್ಯಾಡ್ರಿಡ್ ಸ್ಪರ್ಧೆಯನ್ನು ಸಾವುಗಳ ಕಾರಣದಿಂದ ಬೋರ್ದೋದಲ್ಲೇ ನಿಲ್ಲಿಸಲಾಗಿತ್ತು. 1907ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲೆಂಡ್ಸ್‌ನಲ್ಲಿ ಮೋಟಾರು ಸ್ಪರ್ಧೆಗೆಂದೇ ಟ್ರ್ಯಾಕು ತೆರೆಯಿತು.

ನಮ್ಮ ಕಡೆಯ ಆಸಕ್ತರು ಬಹುಕಾಲ ಆಶ್ರಯಿಸಿದ್ದು ಮದರಾಸಿನ ಬಳಿಯ ಶೋಲಾವರಂನ ಹಳೆಯ ವಿಮಾನ ಓಡುದಾರಿಯನ್ನು. 1990ರಲ್ಲಿ ಇರುಂಗಾಟ್ಟುಕೋಟೈನಲ್ಲಿ, 2003ರಲ್ಲಿ ಕೊಯಮತ್ತೂರಿನ ಬಳಿ ಟ್ರ್ಯಾಕುಗಳು ಬಂದವು. ಹವ್ಯಾಸಿಗಳು ತಮ್ಮದೇ ವಾಹನ ಒಯ್ದು ಶುಲ್ಕ ತೆತ್ತು ಕಲಿಯುವ 'ಟ್ರ್ಯಾಕ್ ಡೇ'ಗಳು ಇಂಥ ಕಡೆ ನಡೆಯುತ್ತವೆ. ನಮ್ಮ ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ಏಷ್ಯಾ–ಪೆಸಿಫಿಕ್ ರ‍್ಯಾಲಿಯ ಸುತ್ತು ನಡೆದದ್ದುಂಟು. ಆ ಸರಣಿಯನ್ನು 2013ರಲ್ಲಿ ಗೆದ್ದ ಗೌರವ್ ಗಿಲ್ 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಮೋಟಾರು ಕ್ರೀಡೆಗೆ ಅದು ಮೊದಲನೆಯದು. ರ‍್ಯಾಲಿಯಲ್ಲೂ ವೇಗದ ಹಂತಗಳ ದಾರಿಯನ್ನು ಇತರ ವಾಹನಗಳಿಗೆ ಮುಚ್ಚಿರುತ್ತಾರೆ ಎಂಬುದನ್ನು ಮರೆಯಬಾರದು.

ವಿದ್ಯಾರ್ಥಿಗೆ ಉತ್ತರ

ಮೊದಲ ಪಾಠವನ್ನು ಘಾಟಿಗೆ ಧಾರಾಳವಾಗಿ ತರಬಹುದು: ತಿರುವಿಗೆ ಮೊದಲೇ ಬ್ರೇಕು ಒತ್ತಿ. ಎರಡನೆಯದನ್ನು ತರಲೇಬಾರದು. ಟ್ರ್ಯಾಕಿನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲವಾದ್ದರಿಂದ ಇಡೀ ಅಗಲ ಚಾಲಕನದು. ಬಿಸಿಲೆಯ ತಿರುವಿನಲ್ಲಿ ಅರ್ಧ ರಸ್ತೆ ಎದುರು ಬರುವ ಬಸ್ಸಿನದು, ಅದು ಕಾಣುವುದೂ ಇಲ್ಲ. ಅಲ್ಲಿ ಗಳಿಸುವ 10 ಕಿ.ಮೀ. ಇನ್ನೊಬ್ಬರಿಂದ ಕಿತ್ತುಕೊಂಡದ್ದು. ಟ್ರ್ಯಾಕಿನಲ್ಲಿ ಹಿಡಿತದ ಕೊನೆಯ ಪಾಲನ್ನೂ ಬಳಸುವುದು ಜಾಣತನ. ಘಾಟಿಯಲ್ಲಿ ಅರ್ಧವನ್ನಾದರೂ ಉಳಿಸಿಕೊಳ್ಳುವುದೇ ಜಾಣತನ.

ಶಿಕ್ಷಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಸಿಮೆಂಟಿನ ಹಲಗೆಯ ಮೇಲೆ ಹಳೆಯ ಟೈರಿನ ತುಂಡನ್ನಿಟ್ಟು ಹಲಗೆಯ ಒಂದು ತುದಿಯನ್ನು ಮೆಲ್ಲನೆ ಎತ್ತಿ. ತುಂಡು ಜಾರತೊಡಗಿದಾಗಿನ ಎತ್ತರವನ್ನು ತಳದ ಅಡ್ಡ ಅಳತೆಯಿಂದ ಭಾಗಿಸಿದರೆ ಘರ್ಷಣಾ ಗುಣಾಂಕ ಸಿಗುತ್ತದೆ. ಬಳಿಕ ಹಲಗೆಗೆ ಕೆಸರುನೀರು ಸವರಿ ಮತ್ತೆ ಅಳೆಯಿರಿ. ಎರಡು ಅಂಕಿಗಳ ನಡುವಿನ ಅಂತರವನ್ನು ಮಕ್ಕಳೇ ಕಂಡುಕೊಂಡರೆ, ಮಳೆಗಾಲದ ಘಾಟಿಗೆ ಬೇರೆ ಉಪದೇಶ ಬೇಕಾಗಲಾರದು.