ಗಬ್ಬದ ಆಕಳನ್ನು ಅರಿಯುವ ಬಗೆ

ಗೋವಿನ ಲಕ್ಷಣ, ಗೋವಿನ ತಳಿ, ಗೋವಿನ ರೋಗ ಇವುಗಳನ್ನು ಕುರಿತು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬರೆವಣಿಗೆ ನಡೆದುಬಂದಿದೆ. ಆದರೆ ಆಕಳನ್ನು ಸಾಕಿದ ಪ್ರತಿಯೊಬ್ಬನೂ ವರ್ಷಕ್ಕೊಮ್ಮೆಯಾದರೂ ಕೇಳಿಕೊಳ್ಳುವ ಒಂದು ಪ್ರಶ್ನೆಯ ಚರಿತ್ರೆಯನ್ನು ಬಿಡಿಸಿ ನೋಡಿದವರು ಕಡಮೆ. ಬೆದೆಗೆ ಬಂದ ಆಕಳು ಗಬ್ಬ ನಿಂತಿತೋ ಇಲ್ಲವೋ ಎಂಬುದೇ ಆ ಪ್ರಶ್ನೆ. ಕಲಬುರಗಿ ನಗರದೊಳಗಣ ಗಾಜಿಪುರದಂಥ ಕೇರಿಯಲ್ಲಿ ಒಂದೆರಡು ಆಕಳುಗಳನ್ನು ಕಟ್ಟಿಕೊಂಡು ಹಾಲು ಮಾರಿ ಬದುಕುವವನಿಗೂ, ಹುಮನಾಬಾದಿನ ದಾರಿಯಲ್ಲಿ ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಒಕ್ಕಲಿಗನಿಗೂ ಈ ಪ್ರಶ್ನೆ ಒಂದೇ. ನೂರು ದನಗಳ ಒಡೆಯನಿಗೆ ಹತ್ತು ಗೊಡ್ಡಾದರೂ ತೊಂಬತ್ತು ಉಳಿಯುತ್ತವೆ. ಒಂದೇ ಆಕಳಿರುವವನಿಗೆ ಅದು ಗೊಡ್ಡು ನಿಂತರೆ ಆ ವರ್ಷದ ಹಾಲೂ ಇಲ್ಲ, ಕರುವೂ ಇಲ್ಲ, ಮೇವಿನ ಸಾಲವೊಂದೇ ಉಳಿಯುವುದು.

ಮೊದಲು ಮಾತುಗಳನ್ನೇ ನೋಡಬಹುದು. ಗಬ್ಬವೆಂಬುದು ಗರ್ಭದ ತದ್ಭವ. ಆದರೆ ಬಳಕೆಯಲ್ಲಿ ಇವೆರಡೂ ಬೇರೆ ಬೇರೆ ದಾರಿ ಹಿಡಿದಿವೆ. ಹೆಂಗಸು ಗರ್ಭಿಣಿ ಅಥವಾ ಬಸುರಿ, ಆಕಳು ಗಬ್ಬ. ಬೆದೆಯೆಂಬ ಮಾತು ಇನ್ನೂ ಸ್ವಾರಸ್ಯವಾದುದು. ಮಳೆ ಬಿದ್ದು ಬಿತ್ತನೆಗೆ ಹದವಾದ ನೆಲಕ್ಕೂ, ಹೋರಿಯನ್ನು ಬಯಸುವ ಆಕಳಿಗೂ ಅದೊಂದೇ ಮಾತು ಸಲ್ಲುತ್ತದೆ. ಹದ ತಪ್ಪಿದರೆ ಬೀಜ ವ್ಯರ್ಥವೆಂಬ ತಿಳಿವಳಿಕೆ ಈ ಒಂದೇ ಶಬ್ದದಲ್ಲಿ ಅಡಗಿದೆ. ಗೊಡ್ಡೆಂಬುದಾದರೋ ಈಯದ ದನಕ್ಕೆ ಮಾತ್ರವಲ್ಲದೆ ಹುರುಳಿಲ್ಲದ ಮಾತಿಗೂ ವಿಚಾರಕ್ಕೂ ಅಂಟಿಕೊಂಡಿರುವುದನ್ನು ನೋಡಿದರೆ, ಈಯದ ಆಕಳು ಒಕ್ಕಲಿಗನ ಮನಸ್ಸಿನಲ್ಲಿ ಎಂಥ ಸ್ಥಾನವನ್ನು ಪಡೆದಿತ್ತೆಂಬುದು ಊಹೆಗೆ ನಿಲುಕುವುದು.

ಗಬ್ಬದ ದನವನ್ನು ಬೇರೆಯಾಗಿ ಎಣಿಸುವ ಪದ್ಧತಿ ಬಹು ಪ್ರಾಚೀನವಾದುದು. ಕೌಟಿಲ್ಯನ ಅರ್ಥಶಾಸ್ತ್ರದ ಗೋಧ್ಯಕ್ಷ ಪ್ರಕರಣದಲ್ಲಿ ಮುದಿ ಹಸು, ಕರೆಯುವ ಹಸು, ಗರ್ಭಿಣಿ, ಹರೆಯದ ಕಡಸು, ಹೆಣ್ಣು ಕರು ಇವುಗಳನ್ನು ಸಮಸಂಖ್ಯೆಯಲ್ಲಿ ಕೂಡಿಸಿ ನೂರರ ಒಂದು ಹಿಂಡನ್ನು ಒಬ್ಬನಿಗೆ ಒಪ್ಪಿಸಬೇಕೆಂದೂ, ಅವನು ವರ್ಷಕ್ಕೆ ೮ ವಾರಕ ತುಪ್ಪವನ್ನು ತೆರಬೇಕೆಂದೂ ವಿಧಿಸಿದೆ. ಹುಟ್ಟಿದ ಕರುವಿಗೆ ಒಂದೆರಡು ತಿಂಗಳೊಳಗಾಗಿ ಮುದ್ರೆಯೊತ್ತಿ ದಾಖಲೆಯಲ್ಲಿ ಬರೆಯಬೇಕೆಂಬುದೂ ಅಲ್ಲಿಯೇ ಇದೆ. ಇಲ್ಲಿ ಗಬ್ಬವೆಂಬುದು ಕೇವಲ ದೇಹಸ್ಥಿತಿಯಲ್ಲ, ಲೆಕ್ಕದ ಒಂದು ಕಲಮು. ನೂರರಲ್ಲಿ ಇಪ್ಪತ್ತು ಗಬ್ಬದವು ಇರಬೇಕೆಂದ ಮೇಲೆ ಅವು ಗಬ್ಬದವೆಂದು ಯಾರೋ ಒಬ್ಬರು ನೋಡಿ ಹೇಳಲೇಬೇಕಷ್ಟೆ. ಅಶೋಕನು ತನ್ನ ಪಟ್ಟಾಭಿಷೇಕದಿಂದ ೨೬ ವರ್ಷಗಳು ಕಳೆದ ಮೇಲೆ ಹೊರಡಿಸಿದ ಐದನೆಯ ಸ್ತಂಭಶಾಸನದಲ್ಲಿ ಗಬ್ಬವಾಗಿರುವ ಅಥವಾ ಹಾಲೂಡುವ ಆಡು, ಕುರಿ, ಹಂದಿಗಳನ್ನು ಕೊಲ್ಲಬಾರದೆಂದು ಆಜ್ಞೆಯಿದೆ. ಅದೇ ಅರಸನ ಬೇರೆ ಶಾಸನಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತಿರುವುದರಿಂದ ಅವನ ಮಾತು ಈ ಸೀಮೆಗೆ ಅಪರಿಚಿತವಾಗಿರಲಿಲ್ಲವೆನ್ನಬಹುದು. ಇಂಥ ಆಜ್ಞೆಗಳು ನಡೆಯಬೇಕಾದರೆ ಗಬ್ಬದ ಗುರುತು ಕಟುಕನಿಗೂ ಅಧಿಕಾರಿಗೂ ತಿಳಿದಿರಬೇಕು. ಅದು ಹೊಟ್ಟೆ ತುಂಬಿ ಕಾಣುವ ಕಾಲದ ಗುರುತೇ ಹೊರತು ಮೊದಲ ತಿಂಗಳುಗಳದಲ್ಲ.

ಕಲ್ಯಾಣದ ಚಾಳುಕ್ಯರ ಕಾಲಕ್ಕೆ ಬಂದರೆ ಈ ಪ್ರಾಂತವೇ ಪಶುವೈದ್ಯಗ್ರಂಥಗಳ ತವರು. ಸುಮಾರು ಕ್ರಿ. ಶ. ೧೦೨೫ರಲ್ಲಿ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ನೆಲದ ನೀರನ್ನು ಕಾಣುವುದು, ಗಿಡಮರಗಳ ಆರೈಕೆ, ಅಡಿಗೆ ಮೊದಲಾದುವುಗಳೊಡನೆ ದನಗಳ ಚಿಕಿತ್ಸೆಗೂ ಎಡೆ ದೊರೆತಿದೆ. ಸುಮಾರು ೧೧೨೫ರಲ್ಲಿದ್ದ, ಆರನೆಯ ವಿಕ್ರಮಾದಿತ್ಯನ ಸೋದರನಾದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನೇ ರಚಿಸಿದನು; ಅದರಲ್ಲಿ ಔಷಧದೊಡನೆ ಮಂತ್ರವೂ ಬೆರೆತಿದೆ. ಅರಸುಮಗನು ದನದ ಬೇನೆಯನ್ನು ಕುರಿತು ಕನ್ನಡದಲ್ಲಿ ಬರೆದುದು ಸಾಮಾನ್ಯವಾದ ಸಂಗತಿಯಲ್ಲ.

ಗ್ರಂಥಗಳಿಗಿಂತ ದನಗಾಹಿಯ ಕಣ್ಣೇ ಹೆಚ್ಚು ಕಾಲ ಈ ಕೆಲಸವನ್ನು ನಡೆಸಿದೆ. ಹೋರಿಗೆ ಕೊಟ್ಟ ೨೧ ದಿನಕ್ಕೆ ಆಕಳು ಮತ್ತೆ ಬೆದೆಗೆ ಬರದಿದ್ದರೆ ಗಬ್ಬವೆಂದು ಎಣಿಸುವುದು ಮೊದಲನೆಯ ಗುರುತು. ಆಮೇಲೆ ಅದರ ನಡೆ ಶಾಂತವಾಗುವುದು, ಮೈ ತುಂಬುವುದು, ಹಾಲು ಇಳಿಯುವುದು. ಚೊಚ್ಚಲ ಕಡಸಿನಲ್ಲಿ ನಾಲ್ಕೈದು ತಿಂಗಳಿಗೆ ಕೆಚ್ಚಲು ಕಟ್ಟತೊಡಗುವುದು. ಈದ ಆಕಳಲ್ಲಾದರೆ ಅದು ಕೊನೆಯ ವಾರಗಳ ಮಾತು. ಐದಾರು ತಿಂಗಳ ಮೇಲೆ ಬಲಪಕ್ಕೆಯ ಕೆಳಗೆ ಮುಷ್ಟಿಯಿಂದ ಒತ್ತಿದರೆ ಕರು ತಿರುಗಿ ತಾಗುವುದು. ಎಡಪಕ್ಕೆಯನ್ನು ದೊಡ್ಡ ಹೊಟ್ಟೆ ತುಂಬಿಕೊಂಡಿರುವುದರಿಂದ ಬಸಿರು ಬಲಕ್ಕೆ ಸರಿಯುವುದೆಂಬುದನ್ನು ಶರೀರಶಾಸ್ತ್ರ ಓದದ ಗೊಲ್ಲನೂ ಅರಿತಿದ್ದನು. ಈ ಗುರುತುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಮೊದಲನೆಯದು ಬೇಗನೆ ದೊರೆತರೂ ನಂಬತಕ್ಕದ್ದಲ್ಲ. ಕೊನೆಯದು ನಂಬತಕ್ಕದ್ದಾದರೂ ತಡವಾಗಿ ದೊರೆಯುವುದು. ಎಮ್ಮೆಯಲ್ಲಂತೂ ಬೆದೆ ಅನೇಕ ವೇಳೆ ಹೊರಗೆ ಕಾಣಿಸಿಕೊಳ್ಳುವುದೇ ಇಲ್ಲ. ಬೆದೆಗೆ ಬರಲಿಲ್ಲವೆಂದು ಗಬ್ಬವೆಂದು ನಂಬಿದ ಎಮ್ಮೆ ಗೊಡ್ಡಾಗಿಯೇ ಉಳಿದಿರಬಹುದು. ಹಳೆಯವರಿಗೆ ಏನೂ ತಿಳಿಯದೆಂಬ ಮಾತೂ, ಎಲ್ಲವೂ ತಿಳಿದಿತ್ತೆಂಬ ಮಾತೂ ಇಲ್ಲಿ ಸಮನಾಗಿ ತಪ್ಪು.

ಹಿಂಡಿನ ಗೋಪಾಲನದಲ್ಲಿ ಇದರಿಂದ ಹೆಚ್ಚಿನ ಬಾಧೆಯಿರಲಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ (೧೬೭೨–೧೭೦೪) ಬೆಣ್ಣೆಚಾವಡಿಯು ಟೀಪೂ ಸುಲ್ತಾನನ ಕಾಲಕ್ಕೆ ಅಮೃತಮಹಲಾಯಿತು. ಕಾವಲುಗಳಲ್ಲಿ ಹೋರಿಗಳು ಆಕಳೊಡನೆಯೇ ಮೇಯುತ್ತಿದ್ದುವು. ಹಾಲನ್ನು ಬಹುಮಟ್ಟಿಗೆ ಕರುವಿಗೇ ಬಿಡುತ್ತಿದ್ದರು. ಬೇಕಾದುದು ಬಂಡಿಯನ್ನೂ ಫಿರಂಗಿಯನ್ನೂ ಎಳೆಯುವ ಎತ್ತು. ಒಂದು ಬೆದೆ ತಪ್ಪಿದರೆ ಮುಂದಿನ ಬೆದೆಗೆ ಹೋರಿ ಪಕ್ಕದಲ್ಲಿಯೇ ಇತ್ತು. ಎಣಿಕೆಯ ಕಾಲಕ್ಕೆ ಕರುಗಳನ್ನು ಎಣಿಸಿದರೆ ಸಾಕಾಗಿತ್ತು. ನಿಜಾಮರ ರಾಜ್ಯದ ಈ ಭಾಗದಲ್ಲಿ ಬೀದರ, ಕಲಬುರಗಿ, ಲಾತೂರುಗಳ ನಡುವೆ ಬೆಳೆದ ದೇವಣಿ ತಳಿಯ ಸ್ಥಿತಿ ಸ್ವಲ್ಪ ಬೇರೆ. ಇದು ಉಳುಮೆಗೂ ಹಾಲಿಗೂ ಒದಗುವ ದನ. ಮೈ ಪೂರ ಬಿಳಿಯಾದುದನ್ನು ಬಾಲಂಕ್ಯವೆಂದೂ, ಮೈ ಬಿಳಿದಾಗಿ ಮುಖದ ಪಕ್ಕ ಕರಿದಾದುದನ್ನು ವಾನೇರವೆಂದೂ, ಕಪ್ಪು ಮಚ್ಚೆಗಳುಳ್ಳದ್ದನ್ನು ಶೇವೇರವೆಂದೂ ಕರೆಯುವರು. ಇದನ್ನು ಸಾಕಿದವರು ಅರಸರಲ್ಲ, ಜೋಳ ತೊಗರಿಗಳನ್ನು ಬೆಳೆಯುವ ಸಣ್ಣ ಒಕ್ಕಲಿಗರು. ಜೋಳದ ಕಣಕಿಯ ಬಣವೆಯೇ ಬೇಸಗೆಯ ಆಧಾರ. ೧೮೭೬–೭೮ರ ಕ್ಷಾಮವೂ ೧೯೭೨ರ ಬರವೂ ಈ ಬಯಲುಸೀಮೆಯಲ್ಲಿ ದನಕರುಗಳನ್ನು ಹೇಗೆ ಬರಿದುಮಾಡಿದುವೆಂಬುದನ್ನು ನೆನೆದರೆ, ಬಣವೆ ಕರಗುತ್ತಿರುವಾಗ ಯಾವ ಆಕಳನ್ನು ಉಳಿಸಿಕೊಳ್ಳಬೇಕೆಂಬ ಪ್ರಶ್ನೆಯ ಭಾರ ತಿಳಿದೀತು. ಗಬ್ಬದ ಆಕಳಿಗೆ ಸಂತೆಯಲ್ಲಿ ಬೆಲೆ ಹೆಚ್ಚು; ಕೊಳ್ಳುವವನು ಮಾರುವವನ ಮಾತನ್ನೇ ನಂಬಬೇಕು.

ಈ ಪ್ರಶ್ನೆಗೆ ಹೊಸ ರೂಪ ಬಂದುದು ಕನ್ನಡ ನಾಡಿನಲ್ಲಿಯೇ. ೧೯೩೯ರಲ್ಲಿ ಮೈಸೂರಿನ ಅರಮನೆಯ ಹೈನುಶಾಲೆಯಲ್ಲಿ ಸಂಪತ್ ಕುಮಾರನ್ ಎಂಬವರು ಹಾಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಸೇರಿಸಿ ಭಾರತದಲ್ಲಿ ಕೃತಕ ಗರ್ಭಧಾರಣೆಗೆ ಮೊದಲು ಮಾಡಿದರು. ೩೩ ಹಸುಗಳು ಗಬ್ಬವಾದುವು. ೧೯೪೨ರಲ್ಲಿ ಇಜ್ಜತ್‌ನಗರದ ಪಶುವೈದ್ಯ ಸಂಶೋಧನ ಸಂಸ್ಥೆಯಲ್ಲಿ ಪ್ರಯೋಗ ವಿಸ್ತಾರಗೊಂಡು, ಬೆಂಗಳೂರು, ಕಲ್ಕತ್ತಾ, ಪಾಟ್ನಾ, ಮಾಂಟ್‌ಗೊಮರಿಗಳಲ್ಲಿ ಪ್ರಾದೇಶಿಕ ಕೇಂದ್ರಗಳಾದುವು. ಈ ೩೩ ಎಂಬ ಅಂಕೆಯೇ ವಿಚಾರಕ್ಕೆ ತಕ್ಕುದು. ಹೋರಿ ಹಾರಿದ ದಿನವನ್ನು ಗೊಲ್ಲನು ಮರೆಯಬಹುದು. ಕೊಳವೆಯಿಂದ ವೀರ್ಯವಿಟ್ಟ ದಿನವನ್ನು ಪುಸ್ತಕದಲ್ಲಿ ಬರೆಯುತ್ತಾರೆ. ದಿನ ಗೊತ್ತಾದ ಮೇಲೆ ಫಲ ಎಂದು ತಿಳಿಯುವುದೆಂಬ ಆತುರ ಹುಟ್ಟಿತು; ಹೋರಿ ಪಕ್ಕದಲ್ಲಿಲ್ಲದ್ದರಿಂದ, ತಪ್ಪಿದ ಬೆದೆಯನ್ನು ತಾನಾಗಿ ಸರಿಪಡಿಸುವವರು ಯಾರೂ ಇಲ್ಲದಂತೆಯೂ ಆಯಿತು.

ಇದಕ್ಕೆ ಪಶುವೈದ್ಯನ ಕೈಯೇ ಉತ್ತರವಾಯಿತು. ಗುದದ್ವಾರದಿಂದ ಕೈಯಿಟ್ಟು ಕರುಳಿನ ಗೋಡೆಯ ಮೂಲಕ ಗರ್ಭಕೋಶವನ್ನು ತಡವಿ ನೋಡುವ ಈ ವಿದ್ಯೆಗೆ ಉಪಕರಣ ಬೇಡ, ಖರ್ಚಿಲ್ಲ, ಉತ್ತರ ಕೂಡಲೇ ದೊರೆಯುವುದು. ನುರಿತ ಕೈ ೩೫ ದಿನಕ್ಕೆ ಪೊರೆಯ ಜಾರಿಕೆಯನ್ನು ಬೆರಳುಗಳ ನಡುವೆ ಗುರುತಿಸಬಲ್ಲದು. ಸಾಮಾನ್ಯವಾದ ಕೈಗೆ ೬೦ರಿಂದ ೯೦ ದಿನ ಬೇಕು. ಎರಡು ತಿಂಗಳಿಗೆ ಭ್ರೂಣ ಚಿಟ್ಟಿಲಿಯಷ್ಟು, ಮೂರಕ್ಕೆ ಇಲಿಯಷ್ಟು, ನಾಲ್ಕಕ್ಕೆ ಬೆಕ್ಕಿನ ಮರಿಯಷ್ಟು ಎಂದು ವಿದ್ಯಾರ್ಥಿಗಳಿಗೆ ಕಲಿಸುವುದುಂಟು. ಮೂರು ನಾಲ್ಕು ತಿಂಗಳಿಗೆ ಗರ್ಭಕೋಶದ ರಕ್ತನಾಳ ಝೇಂಕರಿಸಿದಂತೆ ಬೆರಳಿಗೆ ತಿಳಿಯುವುದು. ಇದನ್ನು ಪುಸ್ತಕದಿಂದ ಕಲಿಯಲಾಗದು. ನೂರಾರು ಆಕಳುಗಳನ್ನು ಮುಟ್ಟಿಯೇ ಕಲಿಯಬೇಕು.

ಕೈಯನ್ನೂ ಬೇಡದ ಒಂದು ಪರೀಕ್ಷೆಗೆ ಪುಣ್ಯಕೋಟಿಯ ಹೆಸರನ್ನಿಟ್ಟಿರುವುದು ಕನ್ನಡಿಗರಿಗೆ ಸಂತೋಷವನ್ನುಂಟುಮಾಡತಕ್ಕ ಸಂಗತಿ. ಆಕಳ ಗಂಜಳವನ್ನು ನೀರಿನೊಡನೆ ತೆಳುಮಾಡಿ ಗೋದಿ ಅಥವಾ ಹೆಸರುಕಾಳಿನ ಮೇಲೆ ಹಾಕಿ ನಾಲ್ಕೈದು ದಿನ ನೋಡುವುದು. ಗಬ್ಬವಿಲ್ಲದಿದ್ದರೆ ಕಾಳು ಮೊಳೆಯುವುದು, ಗಬ್ಬವಾಗಿದ್ದರೆ ಮೊಳಕೆ ಕುಗ್ಗುವುದು. ಮೊಳಕೆಯನ್ನು ತಡೆಯುವ ಅಬ್ಸಿಸಿಕ್ ಆಮ್ಲ ಗಬ್ಬದ ಆಕಳ ಗಂಜಳದಲ್ಲಿ ಹೆಚ್ಚಾಗಿರುವುದೆಂದು ಇದಕ್ಕೆ ಕಾರಣ ಹೇಳುವರು. ಪ್ರಾಚೀನ ಈಜಿಪ್ಟಿನ ಬರ್ಲಿನ್ ಪಪೈರಸ್ಸಿನಲ್ಲಿ ಹೆಂಗಸರಿಗೆ ಇದರಂಥದೇ ಪರೀಕ್ಷೆಯನ್ನು ಹೇಳಿದೆ. ಆದರೆ ಅಲ್ಲಿ ಯವೆಗೋದಿಗಳು ಮೊಳೆತರೆ ಬಸಿರು, ಇಲ್ಲಿ ಮೊಳೆಯದಿದ್ದರೆ ಗಬ್ಬ. ಹೆಸರು ಹಳೆಯದಾದ ಮಾತ್ರಕ್ಕೆ ಪರೀಕ್ಷೆಯೂ ಹಳೆಯದೆಂದು ಭಾವಿಸಬೇಕಾಗಿಲ್ಲ. ಕಾಳು ಹಳತಾದರೂ, ಬಿಸಿಲು ಹೆಚ್ಚಾದರೂ ಮೊಳಕೆ ಕುಗ್ಗುವುದಾದುದರಿಂದ ಇದೊಂದನ್ನೇ ನೆಚ್ಚಿ ಆಕಳನ್ನು ಮಾರುವುದು ಯುಕ್ತವಲ್ಲ.

ಕಲಬುರಗಿಯು ೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆಯಿಂದ ಬಿಡುಗಡೆ ಹೊಂದಿ ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯವನ್ನು ಸೇರಿತು. ೧೯೬೯ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಹೆಪ್ಪುಗಟ್ಟಿಸಿದ ವೀರ್ಯದ ಕೇಂದ್ರ ಸ್ಥಾಪಿತವಾಯಿತು. ಬಳಿಕ ಹಾಲಿನ ಸಹಕಾರ ಸಂಘಗಳು ಹಬ್ಬಿದುವು. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಿಗೆ ಒಂದು ಒಕ್ಕೂಟವಾಯಿತು. ಬೀದರದಲ್ಲಿ ಪಶುವೈದ್ಯ ವಿಶ್ವವಿದ್ಯಾನಿಲಯ ನೆಲೆಗೊಂಡಿತು. ದೇವಣಿಯ ಪಕ್ಕದಲ್ಲಿ ಮಿಶ್ರತಳಿಯ ಆಕಳು ಬಂದು ನಿಂತಿತು. ಅದು ಹೆಚ್ಚು ಹಾಲು ಕೊಡುವುದು, ಹೆಚ್ಚು ತಿನ್ನುವುದು. ಗೊಡ್ಡು ನಿಂತರೆ ಹೆಚ್ಚು ನಷ್ಟವನ್ನೂ ತರುವುದು.

ಶಬ್ದದಿಂದ ಬಸಿರನ್ನು ಕಾಣುವ ಯಂತ್ರದ ಹಿಂದಿನ ಕಥೆ ಕೊಟ್ಟಿಗೆಗೆ ಬಹು ದೂರದ್ದು. ೧೮೮೦ರಲ್ಲಿ ಕ್ಯೂರಿ ಸೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು ಕಂಡರು. ಮೊದಲನೆಯ ಮಹಾಯುದ್ಧದಲ್ಲಿ ಲಾಂಜವೆನ್ ಅದನ್ನು ನೀರಡಿಯ ಹಡಗುಗಳ ಪತ್ತೆಗೆ ಬಳಸಿದನು. ೧೯೫೮ರಲ್ಲಿ ಗ್ಲಾಸ್ಗೋವಿನ ಇಯಾನ್ ಡೊನಾಲ್ಡ್ ಹೊಟ್ಟೆಯೊಳಗಣ ಗಂಟುಗಳನ್ನು ಪ್ರತಿಧ್ವನಿಯಿಂದ ಕಾಣುವ ಬಗೆಯನ್ನು ಪ್ರಕಟಿಸಿದನು. ೧೯೬೬ರಲ್ಲಿ ಕುರಿಗಳಲ್ಲಿ ಈ ಶಬ್ದದಿಂದ ಗಬ್ಬವನ್ನು ಪರೀಕ್ಷಿಸಿದರು. ೧೯೮೦ರಲ್ಲಿ ಫ್ರಾನ್ಸಿನಲ್ಲಿ ಕುದುರೆಗಳಿಗೆ ಚಲಿಸುವ ಚಿತ್ರವನ್ನು ಕೊಡುವ ಯಂತ್ರವನ್ನು ಹಿಡಿದರು. ಆ ದಶಕದಲ್ಲಿಯೇ ಅದು ಹಸುಗಳಿಗೂ ಬಂದಿತು. ಇಲ್ಲಿಯೂ ಸಾಧನವನ್ನು ಗುದದ್ವಾರದಿಂದಲೇ ಒಳಗೆ ಕೊಂಡೊಯ್ಯಬೇಕು. ನೀರು ಕಪ್ಪಾಗಿಯೂ ಎಲುಬು ಬೆಳ್ಳಗೂ ತೋರುವುವು. ೨೮ ದಿನದ ಸುಮಾರಿಗೆ ಕಪ್ಪಿನ ನಡುವೆ ಭ್ರೂಣದ ಹೃದಯ ಮಿಡಿಯುವುದು ಕಾಣುವುದು. ಎರಡು ತಿಂಗಳ ಹೊತ್ತಿಗೆ ಕರು ಹೆಣ್ಣೋ ಗಂಡೋ ಎಂಬುದನ್ನೂ ಹೇಳಬಹುದು. ಮನುಷ್ಯರಲ್ಲಿ ಅದನ್ನು ೧೯೯೪ರ ಕಾಯಿದೆ ನಿಷೇಧಿಸಿದೆ; ಕೊಟ್ಟಿಗೆಯಲ್ಲಿ ಮಾತ್ರ ಹೆಣ್ಣೆಂದು ಕೇಳಿ ಮನೆಯವರು ಹಿಗ್ಗುವರು.

ಸಣ್ಣ ಹಿಡುವಳಿಯಲ್ಲಿ ಇದರ ಲಾಭವನ್ನು ಲೆಕ್ಕದಿಂದಲೇ ನೋಡಬೇಕು. ಆಕಳು ಗಬ್ಬ ಹೊರುವುದು ಸುಮಾರು ೨೮೦ ದಿನ. ವರ್ಷಕ್ಕೊಂದು ಕರು ಬೇಕೆಂದರೆ ಈದ ಮೇಲೆ ೮೫ ದಿನಗಳೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಗರ್ಭಕೋಶ ಮೊದಲಿನಂತಾಗಲು ಅವುಗಳಲ್ಲಿ ೪೦ ದಿನಗಳಷ್ಟು ಕಳೆಯುವುವು. ಉಳಿದುದರಲ್ಲಿ ಎರಡು ಬೆದೆಗಳಿಗೆ ಮಾತ್ರ ಎಡೆಯುಂಟು. ಸೂಜಿ ಹಾಕಿಸಿ ಮೂರು ತಿಂಗಳ ಮೇಲೆ ಕೈಯಿಟ್ಟು ನೋಡಿ ಇಲ್ಲವೆಂದರೆ ಆಗಲೇ ನಾಲ್ಕು ಬೆದೆಗಳು ಹೋಗಿರುತ್ತವೆ. ೨೮ ದಿನಕ್ಕೆ ಯಂತ್ರ ಇಲ್ಲವೆಂದರೆ ಹೋದುದು ಒಂದೇ. ಆದುದರಿಂದ ಈ ಯಂತ್ರದ ನಿಜವಾದ ಉಪಕಾರ ಹೌದೆಂದು ಬೇಗ ಹೇಳುವುದರಲ್ಲಿಲ್ಲ, ಇಲ್ಲವೆಂದು ಬೇಗ ಹೇಳುವುದರಲ್ಲಿದೆ. ಹೌದೆಂದ ಆಕಳು ಹೇಗೂ ಈಯುತ್ತಿತ್ತು. ಇಲ್ಲವೆಂದುದನ್ನು ಮುಂದಿನ ಬೆದೆಗೆ ಕಾಯಬಹುದು, ಅಂಡಾಶಯದ ಸ್ಥಿತಿಯನ್ನು ನೋಡಿ ಔಷಧ ಕೊಡಬಹುದು, ಬಣವೆಯ ಅಳತೆಯನ್ನು ಮೊದಲೇ ಹಾಕಬಹುದು.

ಆದರೂ ಯಂತ್ರದ ಬೆಲೆ ಹೆಚ್ಚು, ಆಕಳುಗಳು ಮನೆಗೊಂದರಂತೆ ಚದರಿವೆ. ದೊಡ್ಡ ಹೈನುಶಾಲೆಯಲ್ಲಿ ಒಂದು ಬೆಳಗಿನಲ್ಲಿ ನೂರು ಆಕಳುಗಳನ್ನು ನೋಡುವ ವೈದ್ಯನು ಇಲ್ಲಿ ಹತ್ತಕ್ಕಾಗಿ ಹತ್ತು ಅಂಗಳಗಳನ್ನು ತಿರುಗಬೇಕು. ಗ್ರಾಮದ ಪಶುಶಿಬಿರದಲ್ಲಿ ಒಂದೆಡೆ ದನಗಳನ್ನು ಕೂಡಿಸಿದಾಗ ಈ ತೊಂದರೆ ಅಷ್ಟಿಷ್ಟು ತಗ್ಗುವುದು. ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ತಿಂಗಳೊಪ್ಪತ್ತಿನಲ್ಲಿ ಮಿಡಿಯುತ್ತಿದ್ದ ಭ್ರೂಣಗಳಲ್ಲಿ ಕೆಲವು ಎರಡನೆಯ ತಿಂಗಳು ತುಂಬುವುದರೊಳಗೆ ಕರಗಿಹೋಗುವುವು. ಬೇಸಗೆಯ ಬೇಗೆಯಲ್ಲಿ ಇದು ಇನ್ನೂ ಹೆಚ್ಚು. ಆದುದರಿಂದ ೨೮ ದಿನಕ್ಕೆ ಯಂತ್ರದಲ್ಲಿ ಹೌದೆನಿಸಿಕೊಂಡ ಆಕಳನ್ನೂ ೬೦ ದಿನ ಕಳೆದ ಮೇಲೆ ಮತ್ತೊಮ್ಮೆ ನೋಡಬೇಕು. ಆ ಎರಡನೆಯ ಪರೀಕ್ಷೆಗೆ ವೈದ್ಯನ ಬರಿಯ ಕೈಯೇ ಸಾಕಾಗುವುದು.